ಗುಳಿಗೆಗೆ ಬಗ್ಗದ ಟಿಬಿ: ಔಷಧದ ಜೊತೆ ಬೇಕಾದ ಆರೈಕೆ ಏನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ: ಟಿಬಿ ಚಿಕಿತ್ಸೆಯ ಮುಖ್ಯ ಔಷಧ ರಿಫಾಂಪಿಸಿನ್. ಅದಕ್ಕೂ ಐಸೋನಿಯಾಜಿಡ್‌ಗೂ ರೋಗಾಣು ಬಗ್ಗದಿದ್ದರೆ ಅದೇ ಎಂಡಿಆರ್ ಟಿಬಿ. ಗುಳಿಗಿ ನಡುವೆ ಬಿಟ್ಟವರಿಗೆ ಮಾತ್ರ ಇದು ಬರುತ್ತದೆ ಎಂಬ ಮಾತು ತಪ್ಪು. ಈ ರೋಗ ಇದ್ದವರ ಕೆಮ್ಮಿನಿಂದ, ಹಿಂದೆ ಟಿಬಿ ಗುಳಿಗಿಯನ್ನೇ ನುಂಗದವರಿಗೂ ನೇರವಾಗಿ ಅಂಟಬಹುದು. ಕಫವನ್ನು ಟ್ರೂನಾಟ್ ಅಥವಾ ಸಿಬಿನಾಟ್ ಯಂತ್ರದಲ್ಲಿ ಹಾಕಿದರೆ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ಕೆಲವೇ ತಾಸಿನಲ್ಲಿ ಗೊತ್ತಾಗುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಹಿಂದೆ 18-20 ತಿಂಗಳು ಔಷಧ ನಡೆಯುತ್ತಿತ್ತು, ಬಹಳ ಮಂದಿಗೆ ತಿಂಗಳುಗಟ್ಟಲೆ ಇಂಜೆಕ್ಷನ್ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಿಪಾಲ್ಮ್ ಎಂಬ ನಾಲ್ಕು ಔಷಧಗಳ ಪದ್ಧತಿಗೆ ಒಪ್ಪಿಗೆ ಕೊಟ್ಟಿತು: ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್. ಸಾಮಾನ್ಯವಾಗಿ ಆರು ತಿಂಗಳು ಸಾಕು. ಗರ್ಭಿಣಿಯರು, ಸಣ್ಣ ಮಕ್ಕಳಿಗೆ ಇದು ಹೊಂದದು. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ.

ಬಹಳ ಮಂದಿ ಸೋಲುವುದು ಅಡ್ಡ ಪರಿಣಾಮದ ಮುಂದೆ. ಲಿನೆಜೊಲಿಡ್‌ನಿಂದ ಪಾದ ಜುಮ್ಮೆನ್ನುವುದು, ಉರಿಯುವುದು, ರಕ್ತ ಕಡಿಮೆಯಾಗುವುದು, ಕಣ್ಣು ಮಂಜಾಗುವುದು ಉಂಟು. ಮಗ್ಗದ ಮುಂದೆ ಕೂತು ಎಳೆ ಹುಡುಕುವ ಬನಹಟ್ಟಿಯ ನೇಕಾರರಿಗೆ ಕಣ್ಣಿನ ಮಂಜೆಂದರೆ ಹೊಟ್ಟೆಪಾಡಿನ ಪ್ರಶ್ನೆ. ಅಂದೇ ಟಿಬಿ ಸಿಬ್ಬಂದಿಗೆ ಹೇಳಬೇಕು. ವೈದ್ಯರು ಡೋಸ್ ತಗ್ಗಿಸುತ್ತಾರೆ ಅಥವಾ ಕೆಲ ದಿನ ನಿಲ್ಲಿಸುತ್ತಾರೆ. ತಾವಾಗಿಯೇ ಬಿಟ್ಟರೆ ಉಳಿದ ಔಷಧವೂ ಕೈಕೊಡುತ್ತದೆ. ಬೆಡಾಕ್ವಿಲಿನ್ ಹೃದಯದ ಬಡಿತದ ಮೇಲೆ ಪರಿಣಾಮ ಬೀರುವುದರಿಂದ ಇಸಿಜಿ ತಪ್ಪಿಸಬಾರದು. ಸಕ್ಕರೆ ಕಾಯಿಲೆ, ಎಚ್‌ಐವಿ ತಪಾಸಣೆಯೂ ಇದರ ಜೊತೆಗೇ ಆಗಬೇಕು. ಸೆರೆ ಕುಡಿಯುವವರಿಗೆ ಯಕೃತ್ತಿನ ತೊಂದರೆ ಇನ್ನೂ ಹೆಚ್ಚು.

ಊಟವೂ ಔಷಧವೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ನೇತೃತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ರೇಷನ್ಸ್ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ಟಿಬಿ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 40 ಕಿಲೋ ತೂಗುವವರಿಗೆ ಶೇ 5 ಅಂದರೆ ಎರಡೇ ಕಿಲೋ. ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟಾಗ ಅವರಿಗೆ ಟಿಬಿ ತಗಲುವುದೂ ಗಣನೀಯವಾಗಿ ತಗ್ಗಿತು. ದುಬಾರಿ ಪ್ರೋಟೀನ್ ಡಬ್ಬಿ ಬೇಕಿಲ್ಲ: ರೊಟ್ಟಿ, ಮಡಿಕೆಕಾಳು, ಶೇಂಗಾ, ತತ್ತಿ, ಹಾಲು ಹೊಟ್ಟೆ ತುಂಬ ಸಿಕ್ಕರಾಯಿತು.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ ₹1,000 ಲೆಕ್ಕದಲ್ಲಿ ಖಾತೆಗೆ ಹಣ ಬರುತ್ತದೆ (2024ರ ನವೆಂಬರ್‌ಗೆ ಮೊದಲು ₹500 ಇತ್ತು). ಹಣ ಬಾರದಿದ್ದರೆ ಮೊದಲು ಬ್ಯಾಂಕ್ ಖಾತೆ ವಿವರ ಸರಿಯಿದೆಯೇ ನೋಡಿಸಬೇಕು. ಆಹಾರ ಕಿಟ್ ಕೊಡಲು ಕಿರಾಣಿ ಅಂಗಡಿಯವರು, ಸಂಘಗಳು ‘ನಿಕ್ಷಯ್ ಮಿತ್ರ’ರಾಗಿ ಹೆಸರು ನೋಂದಾಯಿಸಬಹುದು.

ಅಂಗಡಿಯ ಹುಡುಗನಿಗೆ ಟಿಬಿ ಅಂತ ಗೊತ್ತಾದ ಕೂಡಲೇ ಲೆಕ್ಕ ಚುಕ್ತಾ ಮಾಡಿ ಕಳಿಸುವ ಮಾಲಕರಿದ್ದಾರೆ. ಪಗಾರ ನಿಂತರೆ ಊಟ ನಿಲ್ಲುತ್ತದೆ, ಆಮೇಲೆ ಗುಳಿಗಿ. ಕೆಲಸಕ್ಕೆ ಯಾವಾಗ ಮರಳಬಹುದು ಎಂದು ವೈದ್ಯರನ್ನೇ ಕೇಳಿ, ಅಲ್ಲಿಯವರೆಗೆ ಜಾಗ ಕಾಯ್ದಿಟ್ಟರೆ ಸಾಕು. ತಾಟು, ಬಟ್ಟೆ ಮುಟ್ಟಿದರೆ ಟಿಬಿ ಅಂಟುವುದಿಲ್ಲ, ಅದು ಗಾಳಿಯಿಂದ ಹರಡುತ್ತದೆ; ಕಿಟಕಿ ತೆರೆದಿರಲಿ, ರೋಗಿ ಮಾಸ್ಕ್ ಹಾಕಲಿ.

ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗ್ ಜೊತೆ ಬೇರೆ ಊರಿಗೆ ಹೋಗುವವರು ಹೊರಡುವ ಮುನ್ನ ತಿಳಿಸಿದರೆ ನಿಕ್ಷಯ್ ಐಡಿ ಮೇಲೆ ಚಿಕಿತ್ಸೆ ಆ ಊರಿಗೆ ವರ್ಗವಾಗುತ್ತದೆ.

ಸಂಪರ್ಕ: ಆಶಾ ಕಾರ್ಯಕರ್ತೆ, ಸಮೀಪದ ಸರ್ಕಾರಿ ಆಸ್ಪತ್ರೆ, ಬಾಗಲಕೋಟೆಯ ಜಿಲ್ಲಾ ಕ್ಷಯರೋಗ ಕೇಂದ್ರ. ಉಚಿತ ಸಹಾಯವಾಣಿ: 1800-11-6666.