ಸದ್ದಡಗಿಸಲು ಬಂದ ಬೆಲ್ಟು

ಗೌರಿಬಿದನೂರಿನ ಬಳಿ, ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥವನ್ನು ಚರಿತ್ರೆಯ ಪುಸ್ತಕಗಳು 1938ರ ಏಪ್ರಿಲ್ 25ರ ಗೋಲಿಬಾರಿಗಾಗಿ ನೆನೆಯುತ್ತವೆ. ನಾಗಪ್ರತಿಷ್ಠೆಗೆಂದು ಬರುವ ಕುಟುಂಬಗಳಿಗೆ ಆ ಊರಿನ ನೆನಪು ಬೇರೆ: ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ನಸುಕಿನಲ್ಲೇ ಹೊರಟ ಬಾಡಿಗೆ ಗಾಡಿ, ಕಿಟಕಿ ಪಕ್ಕದಲ್ಲಿ ಅಜ್ಜಿ, ಡಿಕ್ಕಿಯಲ್ಲಿ ಹಣ್ಣುಕಾಯಿ ಬುಟ್ಟಿ. ಆ ಗಾಡಿ ಒಂದು ಕಾಲಕ್ಕೆ ಅಂಬಾಸಿಡರ್ ಅಥವಾ ಮೆಟಡಾರ್, 2000ದ ಬಳಿಕ ಕ್ವಾಲಿಸ್, 2005ರಿಂದ ಇನ್ನೋವಾ. ದಾರಿ ಅದೇ. ಬದಲಾದದ್ದು ಬಾನೆಟ್‌ನ ಕೆಳಗಿನ ಸದ್ದು.

ಆ ಸದ್ದನ್ನು ಎಲ್ಲರಿಗಿಂತ ಹೆಚ್ಚು ಗಮನಿಸುವವನು ಚಾಲಕ. ಟೈಮಿಂಗ್ ಬೆಲ್ಟು ಹೊಸದು ಹಾಕಿಸಿದ ಮರುವಾರವೇ ಎಂಜಿನ್‌ನಿಂದ ಸಣ್ಣಗೆ ‘ಕುಂಯ್’ ಎಂದರೆ ಅವನ ಎದೆಯೂ ಕುಂಯ್ ಎನ್ನುತ್ತದೆ. ಸಾವಿರಾರು ರೂಪಾಯಿ ಸುರಿದು ಬಂದವನಿಗೆ ಕಾಡುವ ಪ್ರಶ್ನೆ ಒಂದೇ: ಹಳೆಯ ಬೆಲ್ಟು ಮೌನವಾಗಿ ಓಡುತ್ತಿತ್ತಲ್ಲ, ಹೊಸದಕ್ಕೆ ಏಕೆ ಈ ಕೂಗು? ಇದಕ್ಕೆ ಉತ್ತರ ಹುಡುಕಬೇಕಾದರೆ ಬೆಲ್ಟು ಎಂಜಿನ್‌ನೊಳಕ್ಕೆ ಬಂದ ಕಥೆಯನ್ನೇ ತಿಳಿಯಬೇಕಾಗುತ್ತದೆ. ಏಕೆಂದರೆ ಅದು ಬಂದದ್ದೇ ಸದ್ದಡಗಿಸಲು.

ಜರ್ಮನಿಯ ನಿಕೋಲಸ್ ಒಟ್ಟೋ 1876ರಲ್ಲಿ ನಿರ್ಮಿಸಿದ ಫೋರ್‌ಸ್ಟ್ರೋಕ್ ಎಂಜಿನ್‌ನ ಕ್ರಮವೇ ಇಂದಿನ ಕಾರುಗಳದ್ದೂ ಹೌದು. ಉಸಿರೆಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರದೂಡುವುದು. ಈ ನಾಲ್ಕು ಕೆಲಸ ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಸುತ್ತಿರುತ್ತದೆ. ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು. ಆದ್ದರಿಂದಲೇ ಕ್ಯಾಮ್‌ನ ಚಕ್ರದಲ್ಲಿ ಹಲ್ಲುಗಳ ಸಂಖ್ಯೆ ಕ್ರ್ಯಾಂಕ್‌ನ ಚಕ್ರದ ಎರಡರಷ್ಟು. ಈ ಎರಡರ ನಡುವಿನ ಹೊಂದಾಣಿಕೆಗೆ ಗ್ಯಾರೇಜಿನಲ್ಲಿ ‘ಟೈಮಿಂಗ್’ ಎನ್ನುತ್ತಾರೆ. ಅದು ತಪ್ಪಿದರೆ, ಕೆಳಗಿಳಿದ ವಾಲ್ವ್‌ಗೆ ಮೇಲೇರುವ ಪಿಸ್ಟನ್ ಗುದ್ದುತ್ತದೆ. ಜಾಗ ಬಹಳ ಇಕ್ಕಟ್ಟಾಗಿರುವ ಡೀಸೆಲ್ ಎಂಜಿನ್‌ನಲ್ಲಿ ಆ ಗುದ್ದಿನ ಬೆಲೆ ಸಾಮಾನ್ಯವಾಗಿ ಒಂದು ಸಿಲಿಂಡರ್ ಹೆಡ್ಡಿನ ಕೆಲಸ. ಬಾಡಿಗೆ ಗಾಡಿಯವನಿಗೆ ವಾರಗಟ್ಟಲೆ ದುಡಿಮೆಯೂ ಇಲ್ಲ.

ಮೊದಮೊದಲು ಎರಡು ಶಾಫ್ಟ್‌ಗಳನ್ನು ಹಲ್ಲುಚಕ್ರಗಳಿಂದಲೇ ಜೋಡಿಸುತ್ತಿದ್ದರು. ಲೋಹಕ್ಕೆ ಲೋಹ ತಗುಲಿ ಕಟಕಟ ಎನ್ನುತ್ತಿದ್ದುದರಿಂದ ಕೆಲವರು ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಗಟ್ಟಿಗೊಳಿಸಿ ಮಾಡಿದ ಚಕ್ರಗಳನ್ನೂ ಹಾಕಿ ನೋಡಿದರು. ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೋಲರ್ ಚೈನನ್ನೂ 1885ರಲ್ಲಿ ಹಲ್ಲು ಮಗುಚಿದ ಇನ್ನೊಂದು ಬಗೆಯ ಚೈನನ್ನೂ ರೂಪಿಸಿದ. ಎರಡನೆಯದಕ್ಕೆ ‘ನಿಶ್ಶಬ್ದ ಚೈನು’ ಎಂದೇ ಹೆಸರು. ಸದ್ದೇ ಸಮಸ್ಯೆಯಾಗಿದ್ದ ಕಾಲವೆಂಬುದು ಆ ಹೆಸರಿನಿಂದಲೇ ಗೊತ್ತಾಗುತ್ತದೆ.

ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಚೈನಿನ ಗಾಡಿಗಳು. ಕ್ಯಾಮ್ ಶಾಫ್ಟ್ ಕ್ರ್ಯಾಂಕ್‌ನ ಸಮೀಪದಲ್ಲೇ ಇದ್ದುದರಿಂದ ಚೈನು ಗಿಡ್ಡ. ಎಣ್ಣೆಯಲ್ಲಿ ನೆನೆಯುತ್ತ ವರ್ಷಗಟ್ಟಲೆ ಬಾಳುತ್ತಿತ್ತು. ಸವೆದಾಗ ಗುಟ್ಟಾಗಿ ಸಾಯುತ್ತಿರಲಿಲ್ಲ. ಕೊಂಡಿಗಳು ಸಡಿಲಗೊಂಡು ಮುಂಭಾಗದ ತಗಡಿಗೆ ಬಡಿಯುತ್ತ, ತಿಂಗಳುಗಟ್ಟಲೆ ಮುಂಚಿತವಾಗಿಯೇ ತನ್ನ ಅವಸಾನವನ್ನು ಸಾರುತ್ತಿತ್ತು. ಮೇಸ್ತ್ರಿಗಳು ಅದರ ಗಲಗಲವನ್ನು ಟ್ಯಾಪೆಟ್‌ನ ಟಿಕಟಿಕದಿಂದ ಬೇರ್ಪಡಿಸಿ ಹೇಳಬಲ್ಲವರಾಗಿದ್ದರು. ಆ ಕಾಲದ ಗ್ಯಾರೇಜು ವಿದ್ಯೆ ಬಹುಪಾಲು ಕಿವಿಯ ವಿದ್ಯೆ ಎಂದರೆ ಉತ್ಪ್ರೇಕ್ಷೆಯಾಗದು.

ಬೆಲ್ಟಿನ ತವರು ಕಾರ್ಖಾನೆಯಲ್ಲ, ಹೊಲಿಗೆ ಯಂತ್ರ. ಮೇಲಿನ ಸೂಜಿ, ಕೆಳಗಿನ ಬಾಬಿನ್ ಎರಡೂ ತಾಳ ತಪ್ಪದೆ ನಡೆದರೆ ಮಾತ್ರ ಹೊಲಿಗೆ ಬೀಳುತ್ತದೆ. ಸಾದಾ ಬೆಲ್ಟು ಜಾರುತ್ತದೆ, ಚೈನಿಗೆ ಎಣ್ಣೆ ಬೇಕು, ಎಣ್ಣೆ ಬಟ್ಟೆಗೆ ತಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ರಿಚರ್ಡ್ ಕೇಸ್ ಈ ತೊಡಕಿಗೆ ಒಳಮೈಯಲ್ಲಿ ಹಲ್ಲುಗಳುಳ್ಳ ರಬ್ಬರ್ ಬೆಲ್ಟನ್ನು ರೂಪಿಸಿದ. ಅದು ಕಾರಿಗೆ ಬಂದದ್ದು 1960ರ ದಶಕದಲ್ಲಿ. ಜರ್ಮನಿಯ ಬವೇರಿಯಾದ ಗ್ಲಾಸ್ ಎಂಬ ಕಂಪನಿ ತನ್ನ 1004 ಮಾದರಿಯ ಕಾರಿನಲ್ಲಿ 1962ರಲ್ಲಿ ಅದನ್ನು ಅಳವಡಿಸಿತು; ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ಇದೇ ಮೊದಲನೆಯದು. ಈ ಕಂಪನಿ ಅದಕ್ಕೂ ಮುಂಚೆ ಬೀಜ ಬಿತ್ತುವ ಕೂರಿಗೆ ಯಂತ್ರಗಳಿಗೆ ಹೆಸರಾಗಿತ್ತು ಎಂಬುದು ನಮ್ಮ ರೈತರಿಗೆ ಖುಷಿ ಕೊಡಬಹುದಾದ ಸಂಗತಿ. ಬಳಿಕ ಇಟಲಿಯ ಫಿಯೆಟ್‌ನಲ್ಲಿ ಔರೇಲಿಯೋ ಲಾಂಪ್ರೆದಿ 1966ರಿಂದ ಬೆಲ್ಟಿನ ಎಂಜಿನ್‌ಗಳನ್ನು ರೂಪಿಸಿ ಅದನ್ನು ಮನೆಮಾತಾಗಿಸಿದರು. ಕ್ಯಾಮ್ ಶಾಫ್ಟ್ ಎಂಜಿನ್‌ನ ನೆತ್ತಿಗೇರಿದಾಗ ಉದ್ದನೆಯ ಚೈನು ಭಾರ, ಗದ್ದಲ, ದುಬಾರಿ. ರಬ್ಬರಿಗೆ ಇವು ಮೂರೂ ಇಲ್ಲ, ಎಣ್ಣೆಯ ಹಂಗೂ ಇಲ್ಲ.

ಈ ಮೌನ ಭಾರತದ ಮಧ್ಯಮ ವರ್ಗದ ಮನೆಬಾಗಿಲಿಗೆ ಬಂದದ್ದು ಮಾರುತಿ 800ರ ಮೂಲಕ. 1983ರ ಡಿಸೆಂಬರ್ 14ರಂದು ಅದರ ಮೊದಲ ಗ್ರಾಹಕರಿಗೆ ಪ್ರಧಾನಿ ಇಂದಿರಾ ಗಾಂಧಿ ಕೀಲಿಕೈ ಕೊಟ್ಟರು. ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್‌ನ ಮುಖದಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ರಬ್ಬರ್ ಬೆಲ್ಟು ಸುತ್ತುತ್ತಿತ್ತು. ಅಂಬಾಸಿಡರ್‌ಗೆ ಪಳಗಿದ ಕಿವಿಗಳು ಹೊಸದಾಗಿ ಕಲಿಯಬೇಕಾಯಿತು.

ಆದರೆ ಈ ಮೌನಕ್ಕೊಂದು ಬೆಲೆಯಿತ್ತು. ಚೈನು ಸಾಯುವ ಮುಂಚೆ ಕೂಗುತ್ತದೆ. ಬೆಲ್ಟು ಬಹಳ ಸಲ ಕೂಗದೆಯೇ ಹರಿಯುತ್ತದೆ. ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾ ಡೀಸೆಲ್‌ನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ನಿಗದಿತ ಕಿಲೋಮೀಟರ್ ಮುಗಿದೊಡನೆ ಚಾಲಕನ ಮುಂದೆ ‘ಟಿ-ಬೆಲ್ಟ್’ ಎಂಬ ದೀಪ ಹತ್ತಿಕೊಳ್ಳುತ್ತದೆ. ಬೆಲ್ಟಿನ ಆರೋಗ್ಯ ಆ ದೀಪಕ್ಕೇನೂ ತಿಳಿಯದು; ಅದು ಬರೀ ಓಟದ ಲೆಕ್ಕ. ಬಾಯಿಲ್ಲದ ಭಾಗಕ್ಕೆ ಹೊರಗಿನಿಂದ ಕೊಟ್ಟ ಬಾಯಿ ಅದು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇನಲ್ಲಿ ತೆರೆದ ಮೇಲೆ ಹಗಲಿರುಳು ಓಡಿದ ಟ್ಯಾಕ್ಸಿಗಳಿಗೆ ಆ ದೀಪ ಬೇಗ ಬೇಗ ಕಾಣಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಬದಲಿಸಿದ ಮೇಲೆ ಬರುವ ಸದ್ದು ಯಾರದು? ಅನೇಕ ಸಲ ಬೆಲ್ಟಿನದ್ದೇ ಅಲ್ಲ. ಬೆಲ್ಟಿಗೆ ದಾರಿ ತೋರುವ ಪುಲ್ಲಿಗಳು, ಬಿಗಿ ಹಿಡಿಯುವ ಟೆನ್ಷನರ್, ಕೆಲವು ಎಂಜಿನ್‌ಗಳಲ್ಲಿ ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್, ಇವುಗಳ ಬೇರಿಂಗ್‌ಗಳೂ ಬೆಲ್ಟಿನಷ್ಟೇ ದೂರ ಓಡಿರುತ್ತವೆ. ಖರ್ಚು ಉಳಿಸಲು ಜೆ.ಸಿ. ರಸ್ತೆಯಲ್ಲಿ ಬರೀ ಬೆಲ್ಟು ಕೊಂಡು, ಹಳೆಯ ಪುಲ್ಲಿಗಳನ್ನೇ ಮತ್ತೆ ಹಾಕಿಸಿದವರ ಗಾಡಿಯಲ್ಲಿ ಸಡಿಲ ಬೆಲ್ಟಿಗೆ ಒಗ್ಗಿದ್ದ ಸವೆದ ಬೇರಿಂಗ್ ಹೊಸ ಬೆಲ್ಟಿನ ಎಳೆತಕ್ಕೆ ಸಿಕ್ಕಿ ಗರಗರ ಎನ್ನತೊಡಗುತ್ತದೆ. ಕೆಲಸಕ್ಕಾಗಿ ಕಳಚಿ ಮತ್ತೆ ಹಾಕಿದ ಆಲ್ಟರ್ನೇಟರ್ ಬೆಲ್ಟಿನದೂ ಪಾಲಿರುತ್ತದೆ. ಚಾಲೂ ಮಾಡಿದಾಗ, ಎ.ಸಿ. ಹಾಕಿದಾಗ ಕಿರ್ರೆಂದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಕೂಗು ಬದಲಾದರೆ ಟೈಮಿಂಗ್ ಬೆಲ್ಟು ನಿರ್ದೋಷಿ ಎನ್ನಬಹುದು.

ಎಂಜಿನ್‌ನ ವೇಗದೊಂದಿಗೆ ಏರುತ್ತ, ಬಿಸಿಯಾದಷ್ಟೂ ಹೆಚ್ಚುವ ಊಳು ಸಾಮಾನ್ಯವಾಗಿ ಅತಿ ಬಿಗಿಯ ಗುರುತು. ಕಾವಿಗೆ ಲೋಹ ಹಿಗ್ಗಿ ಬೆಲ್ಟನ್ನು ಇನ್ನಷ್ಟು ಎಳೆಯುತ್ತದೆ. ಪಟಪಟ ಬಡಿತವಾದರೆ ಬೆಲ್ಟು ಸಡಿಲವಾಗಿ ಮುಚ್ಚಳಕ್ಕೆ ತಾಗುತ್ತಿರಬಹುದು. ಒಂದೇ ಸಮನೆ ಸರಸರ ಉಜ್ಜುವ ಸದ್ದಿಗೆ ಮುಚ್ಚಳವೇ ಸರಿಯಾಗಿ ಕೂರದಿರುವುದು ಕಾರಣವಾಗುವುದುಂಟು. ಎರಡು ಬೋಲ್ಟು ಬಿಗಿದರೆ ಮುಗಿಯಿತು. ಬೇರಿಂಗ್ ಯಾವುದೆಂದು ತಿಳಿಯಲು ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಭಾಗದ ಓಡಾಡದ ಮೈಗೆ ಒತ್ತಿ, ಹಿಡಿಯನ್ನು ಕಿವಿಗಾನಿಸುತ್ತಾನೆ. ಪ್ಯಾರಿಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಕೇಳಿಸಿಕೊಂಡದ್ದೂ ಇದೇ ತತ್ವದ ಮೇಲೆ. ವೈದ್ಯನಿಗಿಲ್ಲದ ಅಪಾಯ ಮೇಸ್ತ್ರಿಗಿದೆ: ಹೆಗಲ ಟವಲು ತಿರುಗುವ ಪುಲ್ಲಿಗೆ ಸಿಕ್ಕಿದರೆ ಕತ್ತೇ ಹೋದೀತು.

ಇಷ್ಟು ಸದ್ದುಗಳಲ್ಲಿ ನಿಜಕ್ಕೂ ಗಾಬರಿಯಾಗಬೇಕಾದದ್ದು ಒಂದೇ. ಕೂಗು ಚಿಕ್ಕದಿರಬಹುದು, ಆದರೆ ಜತೆಗೆ ಗಾಡಿ ಎಳೆಯುತ್ತಿಲ್ಲ, ನಿಂತಲ್ಲೇ ನಡುಗುತ್ತದೆ, ಹೊಗೆ ಹೆಚ್ಚಿದೆ ಎಂದಾದರೆ ಬೆಲ್ಟು ಒಂದು ಹಲ್ಲು ಆಚೀಚೆ ಕೂತಿರುವ ಸಂಭವವಿದೆ. ಕ್ವಾಲಿಸ್‌ನಂಥ ಹಳೆಯ ಡೀಸೆಲ್‌ಗಳಲ್ಲಿ ಅದೇ ಬೆಲ್ಟು ಡೀಸೆಲ್ ಪಂಪನ್ನೂ ತಿರುಗಿಸುವುದರಿಂದ, ಪಂಪಿನ ಗುರುತು ತಪ್ಪಿದರೆ ಎಂಜಿನ್‌ನ ಬಡಿತವೇ ಬದಲಾಗುತ್ತದೆ. ತೈಲ ಬೇಗ ಸಿಡಿದರೆ ಕಲ್ಲು ಒಡೆದಂತೆ ಗಡಸು. ತಡವಾದರೆ ಮಂಕು, ಹೊಗೆ. ಅಂಥ ಗಾಡಿಯನ್ನು ‘ನಾಲ್ಕು ದಿನ ಓಡಿಸಿ, ಸೆಟ್ ಆಗುತ್ತೆ’ ಎಂದು ಕಳಿಸುವುದು ಅನ್ಯಾಯವೇ ಸರಿ. ಹಲ್ಲು ತಾನಾಗಿ ಸೆಟ್ ಆಗುವುದಿಲ್ಲ. ಊಳು ನಿಲ್ಲಿಸಲೆಂದು ಅಂದಾಜಿನ ಮೇಲೆ ಬೆಲ್ಟು ಸಡಿಲಿಸುವುದು ಇನ್ನೂ ಕೆಟ್ಟದ್ದು. ಸದ್ದೇನೋ ನಿಲ್ಲುತ್ತದೆ, ಹಲ್ಲು ಹಾರುವ ದಾರಿಯೂ ತೆರೆಯುತ್ತದೆ.

ಇದನ್ನೆಲ್ಲ ತಪ್ಪಿಸುವ ಕೆಲಸಕ್ಕೆ ಐದು ನಿಮಿಷ ಸಾಕು. ಬೆಲ್ಟು ಹಾಕಿದ ಮೇಲೆ ಕೀಲಿ ತಿರುಗಿಸುವ ಮುನ್ನ, ಕ್ರ್ಯಾಂಕ್‌ನ ಬೋಲ್ಟಿಗೆ ಪಾನಾ ಕೊಟ್ಟು ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಒಂದು ಸುತ್ತಿಗೆ ಕ್ಯಾಮ್ ಅರ್ಧ ದಾರಿಯಲ್ಲಿರುತ್ತದೆ. ಎರಡನೆಯದಕ್ಕೆ ಗುರುತುಗಳು ಮತ್ತೆ ಎದುರುಬದುರಾಗಬೇಕು. ನಡುವೆ ಗಟ್ಟಿಯಾಗಿ ಏನೋ ತಡೆದಂತಾದರೆ ಬಲ ಹಾಕದೆ ನಿಲ್ಲಿಸಬೇಕು. ಅಲ್ಲಿ ವಾಲ್ವ್‌ಗೆ ಪಿಸ್ಟನ್ ತಗುಲಿರಬಹುದು, ಕೈಯ ವೇಗದಲ್ಲಿ ತಗುಲಿದ್ದರಿಂದ ಬಚಾವಾಗಿರುತ್ತದೆ.

ಕಾಲಚಕ್ರವೂ ಒಂದು ಸುತ್ತು ತಿರುಗಿದಂತಿದೆ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟು ಹೋಗಿ ಮತ್ತೆ ಚೈನು ಬಂದಿದೆ, ಟಿ-ಬೆಲ್ಟ್ ದೀಪದ ಚಿಂತೆಯೂ ಹೋಗಿದೆ. ಎಣ್ಣೆಯ ಒತ್ತಡದಿಂದ ಬಿಗಿ ಹಿಡಿಯುವ ಟೆನ್ಷನರ್‌ಗಳಿರುವ ಇಂದಿನ ಚೈನು ಎಂಜಿನ್‌ಗಳು ತಣ್ಣಗಿರುವಾಗ, ನಸುಕಿನಲ್ಲಿ, ಒಂದೆರಡು ಸೆಕೆಂಡು ಗಲಗಲ ಎನ್ನುವುದುಂಟು. ಎಣ್ಣೆ ಏರಿದೊಡನೆ ಅದು ನಿಲ್ಲಬೇಕು. ನಿಲ್ಲದಿದ್ದರೆ ಟೆನ್ಷನರ್ ಸೋತಿದೆ, ಇಲ್ಲವೇ ಚೈನು ಉದ್ದವಾಗಿದೆ. ಅಂಬಾಸಿಡರ್ ಬಿಚ್ಚಿ ಬೆಳೆದ ಮೇಸ್ತ್ರಿಗಳಿಗೆ ಈ ಸದ್ದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.