ಮನೆ ಕೊಡುವ ಮುನ್ನ ಸಂಬಳ ಕೇಳಿದವರು

1931ರ ನವೆಂಬರ್‌ನಿಂದ ಬ್ರಿಟನ್ನಿನ ಕಾರ್ಮಿಕರ ಬೀದಿಗಳಲ್ಲಿ ಸರ್ಕಾರದ ತಪಾಸಣೆಗಾರರು ಮನೆಮನೆಯ ಬಾಗಿಲು ತಟ್ಟತೊಡಗಿದರು. ಕೆಲಸ ಕಳೆದುಕೊಂಡವನಿಗೆ ಭತ್ಯೆ ಮುಂದುವರಿಸಬೇಕೆ, ಬೇಡವೆ ಎಂದು ತೀರ್ಮಾನಿಸುವುದಕ್ಕೆ ಮೊದಲು ಆ ಮನೆಯಲ್ಲಿ ಯಾರು ಯಾರು ದುಡಿಯುತ್ತಾರೆ, ಉಳಿತಾಯ ಎಷ್ಟಿದೆ, ಮಾರಿ ಕಾಸು ಮಾಡಿಕೊಳ್ಳಬಹುದಾದ ಸಾಮಾನು ಏನಿದೆ ಎಂದು ಬರೆದುಕೊಳ್ಳುವುದು ಅವರ ಕೆಲಸ. ಜನರ ಬಾಯಲ್ಲಿ ಅದು ‘ಮೀನ್ಸ್ ಟೆಸ್ಟ್’ ಆಯಿತು. ಮಗಳು ಗಿರಣಿಯಿಂದ ತಂದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದು ಅಪ್ಪನ ಭತ್ಯೆ ಕಡಿತ ಮಾಡುತ್ತಿದ್ದರು. ಅಪ್ಪನಿಗೆ ತೊಂದರೆಯಾಗದಿರಲೆಂದು ದುಡಿಯುವ ವಯಸ್ಸಿನ ಮಕ್ಕಳು ಮನೆ ಬಿಟ್ಟು ಬೇರೆಡೆ ಕೋಣೆ ಹಿಡಿದರು.

ಇಡೀ ಕುಟುಂಬದ ದುಡಿಮೆಯನ್ನು ಒಟ್ಟುಹಾಕುವ ಈ ಪದ್ಧತಿಯನ್ನು 1941ರ ಕಾನೂನು ತೆಗೆದುಹಾಕಿತು. ಅದು ಉಳಿಸಿಹೋದ ಗಾಯ ಅಷ್ಟು ಬೇಗ ಮಾಯಲಿಲ್ಲ. ಸರ್ಕಾರದ ಮನೆ ಬಾಡಿಗೆಗೆ ಬೇಕಾದಾಗ, ಆಮೇಲೆ ಅದೇ ಮನೆಯನ್ನು ಕೊಳ್ಳಬೇಕೆಂದಾಗ, ‘ನಿಮ್ಮ ಆದಾಯ ಎಷ್ಟು?’ ಎಂಬ ಪ್ರಶ್ನೆಯನ್ನು ಬ್ರಿಟಿಷ್ ಕಾರ್ಮಿಕರು ಹೇಗೆ ಎದುರಿಸಿದರು ಎಂಬ ಚರಿತ್ರೆ ಈ ಗಾಯವನ್ನು ಬಿಟ್ಟರೆ ಅರ್ಥವಾಗುವುದಿಲ್ಲ.

ಒಳ್ಳೆಯ ಉದ್ದೇಶದಿಂದ ಕೇಳಿದರೂ ಈ ಪ್ರಶ್ನೆ ಚುಚ್ಚುತ್ತದೆ ಎಂಬುದಕ್ಕೆ ಲೀಡ್ಸ್ ನಗರ ಸಾಕ್ಷಿ. 1930ರ ವಸತಿ ಕಾಯ್ದೆ ಬಡ ಬಾಡಿಗೆದಾರರಿಗೆ ರಿಯಾಯಿತಿ ಕೊಡಲು ನಗರಾಡಳಿತಗಳಿಗೆ ಅವಕಾಶ ಕೊಟ್ಟಿತ್ತು. ಲೀಡ್ಸ್‌ನ ವಸತಿ ಸಮಿತಿಯ ನೇತೃತ್ವ ವಹಿಸಿದ್ದ ಪಾದ್ರಿ ಚಾರ್ಲ್ಸ್ ಜೆಂಕಿನ್‌ಸನ್ ಕೊಳೆಗೇರಿಗಳ ಪಾಡನ್ನು ಹತ್ತಿರದಿಂದ ಕಂಡವರು. 1934ರಲ್ಲಿ ಅವರು ಬಾಡಿಗೆಯನ್ನು ಆದಾಯಕ್ಕೆ ಕಟ್ಟಿಹಾಕಿದರು: ಉಳ್ಳವರು ಪೂರ್ತಿ ಕೊಡಬೇಕು, ಏನೂ ಇಲ್ಲದವರು ಏನೂ ಕೊಡಬೇಕಾಗಿಲ್ಲ. ಇದಕ್ಕಿಂತ ನ್ಯಾಯವಾದದ್ದು ಏನಿದ್ದೀತು? ಆದರೆ ಒಂದೇ ಅಳತೆಯ ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಬಾಡಿಗೆಯಾದಾಗ, ಪಕ್ಕದವರು ಎಷ್ಟು ಕಟ್ಟುತ್ತಾರೆ ಎಂದು ತಿಳಿದರೆ ಸಾಕು, ಅವರ ಸಂಬಳ ಎಷ್ಟೆಂದು ಊಹಿಸಬಹುದಿತ್ತು. ನಿಯತ್ತಾಗಿ ಬಾಡಿಗೆ ಕಟ್ಟಿಕೊಂಡು ಬಂದವರು ತಿರುಗಿಬಿದ್ದರು. 1935ರ ಸ್ಥಳೀಯ ಚುನಾವಣೆಯಲ್ಲಿ ಜೆಂಕಿನ್‌ಸನ್ ಅವರ ಲೇಬರ್ ಪಕ್ಷ ನಗರದ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಈ ಸಿಟ್ಟೂ ಒಂದು ಕಾರಣ. 1939ರಲ್ಲಿ ಬರ್ಮಿಂಗ್‌ಹ್ಯಾಂನ ಸಾವಿರಾರು ಬಾಡಿಗೆದಾರರು ಇಂಥದೇ ಯೋಜನೆಯ ವಿರುದ್ಧ ಬಾಡಿಗೆ ಕಟ್ಟುವುದನ್ನೇ ನಿಲ್ಲಿಸಿದರು. ನಗರಾಡಳಿತ ಹಿಂದೆ ಸರಿಯಬೇಕಾಯಿತು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಇದು ಬೀದಿ ಕಾಳಗವಾಯಿತು. 1959ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್ ಆಡಳಿತ ಆದಾಯಕ್ಕೆ ತಕ್ಕ ಬಾಡಿಗೆ ಎಂದಾಗ ಬಾಡಿಗೆದಾರರ ಸಂಘಗಳು ಒಂದಾದವು. ಡಾನ್ ಕುಕ್ ಮತ್ತು ಆರ್ಥರ್ ರೋ ಎಂಬ ಇಬ್ಬರು ಮುಖಂಡರು ತಮ್ಮ ಫ್ಲ್ಯಾಟುಗಳ ಬಾಗಿಲಿಗೆ ಒಳಗಿನಿಂದ ಅಡ್ಡ ಒಡ್ಡಿ ಕುಳಿತರು. 1960ರ ಸೆಪ್ಟೆಂಬರ್ 22ರ ಮುಂಜಾನೆ ಕೋರ್ಟಿನ ಅಮೀನರು ಪೊಲೀಸರ ದಂಡಿನೊಂದಿಗೆ ಬಂದು ಅವರನ್ನು ಹೊರಹಾಕಿದರು. ಅಂದು ಜನರಿಗೂ ಪೊಲೀಸರಿಗೂ ಘರ್ಷಣೆಗಳಾದವು.

ಇಪ್ಪತ್ತು ವರ್ಷಗಳ ನಂತರ ಚಿತ್ರವೇ ಬದಲಾಯಿತು. 1980ರ ಆಗಸ್ಟ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಲಂಡನ್ನಿನ ಅಂಚಿನ ಹೆರಾಲ್ಡ್ ಹಿಲ್ ಬಡಾವಣೆಗೆ ಹೋಗಿ, ತಾವಿದ್ದ ಕೌನ್ಸಿಲ್ (ಸ್ಥಳೀಯಾಡಳಿತದ) ಮನೆಯನ್ನು 8,315 ಪೌಂಡಿಗೆ ಕೊಂಡ ಕುಟುಂಬಕ್ಕೆ ಅದರ ಪತ್ರಗಳನ್ನು ಕೊಟ್ಟರು. ಅದೇ ವರ್ಷದ ವಸತಿ ಕಾಯ್ದೆ ಅಕ್ಟೋಬರ್ 3ರಂದು ‘ರೈಟ್ ಟು ಬೈ’ಯನ್ನು, ಅಂದರೆ ಬಾಡಿಗೆದಾರರು ತಾವಿರುವ ಮನೆಯನ್ನು ಕೊಳ್ಳುವ ಹಕ್ಕನ್ನು, ಜಾರಿಗೆ ತಂದಿತು. ಮೂರು ವರ್ಷ ಬಾಡಿಗೆಗಿದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ. 33 ರಿಯಾಯಿತಿ, ವರ್ಷಕ್ಕೆ ಶೇ. 1ರಂತೆ ಏರಿ, 20 ವರ್ಷ ಇದ್ದವರಿಗೆ ಶೇ. 50.

ಈ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮನೆ ಕೊಳ್ಳುವ ಹಕ್ಕು ಹುಟ್ಟುತ್ತಿದ್ದದ್ದು ಎಷ್ಟು ವರ್ಷ ಬಾಡಿಗೆಗಿದ್ದರು ಎಂಬುದರಿಂದ. ಆದಾಯ ಕಡಿಮೆ ಎಂದಾಗಲಿ, ಹೆಚ್ಚು ಎಂದಾಗಲಿ ಕೌನ್ಸಿಲ್ ಅದನ್ನು ನಿರಾಕರಿಸುವಂತಿರಲಿಲ್ಲ. ಕೊಳ್ಳಲು ಸಾಲವೂ ಕೌನ್ಸಿಲ್‌ನಿಂದಲೇ ಬೇಕೆಂದವರು ಮಾತ್ರ ಸಂಬಳದ ವಿವರ ಕೊಡಬೇಕಿತ್ತು. ಸಾಲದ ಮಿತಿಯೂ ನಿಯಮದಲ್ಲೇ ಇತ್ತು: 60ರೊಳಗಿನವರಿಗೆ ವಾರ್ಷಿಕ ಆದಾಯದ ಎರಡೂವರೆ ಪಟ್ಟು, 60 ದಾಟಿದವರಿಗೆ ಎರಡು ಪಟ್ಟು, 65 ದಾಟಿದವರಿಗೆ ಒಂದೇ ಪಟ್ಟು. ಅಷ್ಟು ಸಾಲದಿಂದ ಬೆಲೆ ತುಂಬದಿದ್ದರೆ 100 ಪೌಂಡ್ ಠೇವಣಿಯಿಟ್ಟು, ಅದೇ ಬೆಲೆಯನ್ನು ಎರಡು ವರ್ಷ ಕಾಯ್ದಿರಿಸಿಕೊಳ್ಳಬಹುದಿತ್ತು.

ಜೊತೆಯಲ್ಲೇ ವಾಸಿಸುವ ಕುಟುಂಬದವರಲ್ಲಿ ಮೂವರವರೆಗೆ ಖರೀದಿಯಲ್ಲಿ ಸೇರಿಕೊಳ್ಳಬಹುದಾಗಿದ್ದರಿಂದ ಅವರ ದುಡಿಮೆಯೂ ಸಾಲಕ್ಕೆ ಬಲ ಕೊಡುತ್ತಿತ್ತು. ಮೂವತ್ತರ ದಶಕದಲ್ಲಿ ಅಪ್ಪನ ಕೈಯಿಂದ ಕಿತ್ತುಕೊಳ್ಳಲು ನೆಪವಾಗಿದ್ದ ಮಕ್ಕಳ ಸಂಬಳ ಈಗ ಅಪ್ಪ ಮನೆ ಕೊಳ್ಳಲು ನೆರವಾಯಿತು. ಒಂದು ಕಾಲದಲ್ಲಿ ಹೇಳಲು ಹಿಂಜರಿಯುತ್ತಿದ್ದ ಸಂಬಳದ ಚೀಟಿಯನ್ನು ಈಗ ತಾವಾಗಿಯೇ ತಂದು ತೋರಿಸಬಹುದಿತ್ತು. ಜನ ಹಿಂದೆ ಬಾಯಿ ಮುಚ್ಚಿಕೊಂಡಿದ್ದು ಬಡತನದ ನಾಚಿಕೆಯಿಂದಲ್ಲ, ಕೊಟ್ಟ ಉತ್ತರ ತಮ್ಮ ಮೇಲೆಯೇ ತಿರುಗುತ್ತದೆಂಬ ಭಯದಿಂದ ಎಂದು ಇದರಿಂದ ಅನಿಸುತ್ತದೆ. ಮಾರಿಹೋದ ಮನೆಗಳಷ್ಟು ಹೊಸ ಮನೆಗಳು ಕಟ್ಟಲ್ಪಡಲಿಲ್ಲ. ಅದರ ಬೆಲೆಯನ್ನು ಮುಂದಿನ ತಲೆಮಾರಿನ ಬಾಡಿಗೆದಾರರು ತೆರುತ್ತಿದ್ದಾರೆ. ಅದು ಈ ಕಾಯ್ದೆಯ ದೊಡ್ಡ ಅನ್ಯಾಯ. ಆದರೆ ಪ್ರಶ್ನೆ ಕೇಳಿದ ರೀತಿಯಲ್ಲಿ ಅದು ಹಿಂದಿನವಕ್ಕಿಂತ ಮರ್ಯಾದೆಯಿಂದ ನಡೆದುಕೊಂಡಿತು.

ಕೌನ್ಸಿಲ್‌ನಿಂದ ಸಾಲ ಪಡೆಯುವ ಆ ಹಕ್ಕನ್ನು 1993ರ ಕಾಯ್ದೆ ರದ್ದುಮಾಡಿತು. ಪ್ರಶ್ನೆ ಕೇಳುವ ಕೆಲಸ ಬ್ಯಾಂಕುಗಳಿಗೆ ಹೋಯಿತು. ರಿಯಾಯಿತಿ ದೊಡ್ಡದಾದಂತೆ ಅನುಮಾನವೂ ಬೆಳೆಯಿತು: ವಯಸ್ಸಾದ ಬಾಡಿಗೆದಾರರಿಗೆ ಹಣ ಕೊಟ್ಟು ಅವರ ಹೆಸರಲ್ಲಿ ಮನೆ ಕೊಳ್ಳುತ್ತಿರುವವರು ಯಾರು? 2013ರ ವಸತಿ ವಂಚನೆ ತಡೆ ಕಾಯ್ದೆಯಿಂದಾಗಿ, ತನಿಖೆಯ ವೇಳೆ ಬ್ಯಾಂಕುಗಳಿಂದ ನೇರವಾಗಿ ಮಾಹಿತಿ ತರಿಸಿಕೊಳ್ಳುವ ಅಧಿಕಾರ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಸಿಕ್ಕಿತು. ಹಣ ಎಲ್ಲಿಂದ ಬಂತು ಎಂದು ಕೊಳ್ಳುವವರು ದಾಖಲೆ ಸಹಿತ ವಿವರಿಸಬೇಕಾಯಿತು. ಸ್ಕಾಟ್‌ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟವನ್ನೇ ನಿಲ್ಲಿಸಿದವು.

ಇಂಗ್ಲೆಂಡಿನಲ್ಲಿ ಈಗ ವಸತಿ ಸಂಘಗಳಿಂದ ಮನೆಯ ಒಂದು ಪಾಲನ್ನು ಕೊಂಡು, ಉಳಿದ ಪಾಲಿಗೆ ಬಾಡಿಗೆ ಕಟ್ಟುವ ದಾರಿಯೂ ಇದೆ. 2021ರ ಹೊಸ ಮಾದರಿಯಲ್ಲಿ ಶೇ. 10ರಷ್ಟು ಪಾಲಿನಿಂದಲೂ ಶುರುಮಾಡಬಹುದು. ಕುಟುಂಬದ ವಾರ್ಷಿಕ ಆದಾಯ 80,000 ಪೌಂಡ್ ಮೀರಿದ್ದರೆ, ಲಂಡನ್ನಿನಲ್ಲಾದರೆ 90,000 ಮೀರಿದ್ದರೆ, ಅವಕಾಶವಿಲ್ಲ. ಸಾಲದ ಕಂತು, ಬಾಡಿಗೆ, ನಿರ್ವಹಣಾ ಶುಲ್ಕ ಮೂರನ್ನೂ ತಾಳುವಷ್ಟು ಆದಾಯವಿಲ್ಲದಿದ್ದರೂ ಅವಕಾಶವಿಲ್ಲ. ಹೆಚ್ಚಿಲ್ಲ ಎಂದೂ ಕಡಿಮೆಯಿಲ್ಲ ಎಂದೂ ಒಟ್ಟಿಗೇ ಸಾಬೀತುಪಡಿಸಬೇಕಾದ್ದರಿಂದ ಅರ್ಜಿದಾರರು ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲಗಳ ಪಟ್ಟಿ, ತಿಂಗಳ ಖರ್ಚಿನ ಲೆಕ್ಕ ಎಲ್ಲವನ್ನೂ ಒಪ್ಪಿಸುತ್ತಾರೆ. ಮಗುವಿನ ಪಾಲನೆಗೆ, ಓಡಾಟಕ್ಕೆ ಎಷ್ಟು ಹೋಗುತ್ತದೆ ಎಂಬುದೂ ಅದರಲ್ಲಿರುತ್ತದೆ. ಅದನ್ನೆಲ್ಲ ನೋಡಿದ ಮೇಲೆ ಮನೆಯ ಎಷ್ಟು ಪಾಲು ಅವರ ಕೈಗೆಟಕುತ್ತದೆ ಎಂದು ಸಾಲದ ಸಲಹೆಗಾರರು ಲೆಕ್ಕ ಹಾಕಿ ಹೇಳುತ್ತಾರೆ.