ಸಾವಿರ ಪೌಂಡಿಗೆ ಎಷ್ಟು ರೂಪಾಯಿ? ಹೊರನಾಡಿನಿಂದ ಬರುವ ವಾರಸಿನ ಹಣದ ಚರಿತ್ರೆ

ಬೆಂಗಳೂರಿಗೆ ಜೋಲಾರಪೇಟೆಯಿಂದ 1864ರಲ್ಲಿ ಬಂದ ರೈಲು ಹಾದಿ ಹೂಡಿಯ ಬದಿಯಲ್ಲೇ ಹಾದುಬಂತು. ಹೂಡಿಯ ನೆರೆಯಲ್ಲಿ 1882ರಲ್ಲಿ ಒಂದು ಹೊಸ ಊರು ಹುಟ್ಟಿತು. ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು 3,900 ಎಕರೆ ನೆಲವನ್ನು ದಯಪಾಲಿಸಿದರು. ಆ ಜನರ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರಿನಿಂದ ಊರಿಗೆ ವೈಟ್‌ಫೀಲ್ಡ್ ಎಂಬ ಹೆಸರು ಬಂತು.

ಆ ಊರಿನ ಒಂದು ಮನೆಗೆ ಇಂಗ್ಲೆಂಡಿನ ಬಂಧುವೊಬ್ಬರು ಉಯಿಲಿನ ಮೂಲಕ ಸಾವಿರ ಪೌಂಡು ಬಿಟ್ಟುಹೋದರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಉಯಿಲಿನಲ್ಲಿ ಬರೆದ ಮೊತ್ತ ಎಂದಿಗೂ ಬದಲಾಗದು. ಆದರೆ ವಾರಸುದಾರರ ಕೈಗೆ ಬರುವ ರೂಪಾಯಿ ಎಷ್ಟು? ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳಲ್ಲಿ ನಮ್ಮ ನಾಣ್ಯದ ಚರಿತ್ರೆಯೇ ಅಡಗಿದೆ.

1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತಿರ ಹತ್ತಿರ ಎರಡು ಷಿಲಿಂಗ್ ಬೆಲೆಯಿತ್ತು. ಎಂದರೆ ಸಾವಿರ ಪೌಂಡಿಗೆ ಸುಮಾರು 10,000 ರೂಪಾಯಿ. ನಮ್ಮದು ಬೆಳ್ಳಿಯ ನಾಣ್ಯ, ಇಂಗ್ಲೆಂಡಿನದು ಚಿನ್ನದ ನಾಣ್ಯ. ಆ ದಶಕದಲ್ಲಿ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನಕ್ಕೆ ಹೊರಳಿತು. ಅಮೆರಿಕದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಹೊರಬಂತು. ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಇಳಿಯಿತು. ವೈಟ್‌ಫೀಲ್ಡ್ ಹುಟ್ಟಿದ ವರ್ಷ ಸಾವಿರ ಪೌಂಡಿಗೆ 12,000 ರೂಪಾಯಿಗೂ ಹೆಚ್ಚು ಸಿಗುತ್ತಿತ್ತು. 1894-95ರಲ್ಲಿ 18,000ಕ್ಕೂ ಹೆಚ್ಚು. ಇಂಗ್ಲೆಂಡಿನಿಂದ ಹಣ ಪಡೆಯುವವರಿಗೆ ಇದು ಲಾಭ. ಇಲ್ಲಿಯ ಸಂಬಳದಲ್ಲಿ ಉಳಿಸಿ ಅಲ್ಲಿಗೆ ಕಳಿಸುವವರಿಗೆ ಅಷ್ಟೇ ನಷ್ಟ.

ಸರ್ಕಾರ 1893ರಲ್ಲಿ ಖಾಸಗಿಯವರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ಆ ಶತಮಾನದ ಕೊನೆಗೆ ರೂಪಾಯಿ ಒಂದು ಷಿಲಿಂಗ್ ನಾಲ್ಕು ಪೆನ್ಸ್‌ಗೆ ನೆಲೆನಿಂತಿತು: ಸಾವಿರ ಪೌಂಡಿಗೆ 15,000 ರೂಪಾಯಿ. 1927ರ ಕಾನೂನು ಅದನ್ನು ಒಂದು ಷಿಲಿಂಗ್ ಆರು ಪೆನ್ಸ್‌ಗೆ ಏರಿಸಿದಾಗ ಅದೇ ಸಾವಿರ ಪೌಂಡು 13,333 ರೂಪಾಯಿಗೆ ಇಳಿಯಿತು.

1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಜೊತೆಗೇ ರೂಪಾಯಿಯ ಬೆಲೆಯನ್ನೂ ಇಳಿಸಲಾಯಿತು. ಎರಡೂ ಒಟ್ಟಿಗೆ ಇಳಿದದ್ದರಿಂದ ಇಂಗ್ಲೆಂಡಿನ ವಾರಸಿನಲ್ಲಿ ವ್ಯತ್ಯಾಸವಾಗಲಿಲ್ಲ. ಆದರೆ ಅಮೆರಿಕದ ಡಾಲರಿಗೆ 3 ರೂಪಾಯಿ 31 ಪೈಸೆಯ ಲೆಕ್ಕದಲ್ಲಿದ್ದ ದರ 4 ರೂಪಾಯಿ 76 ಪೈಸೆಯಾಯಿತು. ಹಣ ಯಾವ ದೇಶದ ನಾಣ್ಯದಲ್ಲಿದೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯ, ಕೆನಡಾಗಳಿಗೆ ವಲಸೆ ಹೋದವು. ಹೀಗೆ ಹೋದವರಿಗೂ ಇಲ್ಲೇ ಉಳಿದ ಬಂಧುಗಳಿಗೂ ನಡುವೆ ಹಣದ ಗಡಿಯೊಂದು ಬೆಳೆಯಿತು. ಯುದ್ಧಕಾಲದಲ್ಲಿ, 1939ರಲ್ಲಿ, ಆರಂಭವಾದ ವಿದೇಶಿ ವಿನಿಮಯ ನಿಯಂತ್ರಣವು 1947 ಮತ್ತು 1973ರ ಕಾಯಿದೆಗಳಿಂದ ಭದ್ರವಾಯಿತು. ಹೊರಗಿನಿಂದ ಬಂದ ಹಣವನ್ನು ಅಧಿಕೃತ ಬ್ಯಾಂಕಿಗೆ ಒಪ್ಪಿಸಿ, ಸರ್ಕಾರದ ದರದಲ್ಲಿ ರೂಪಾಯಿ ಪಡೆಯಬೇಕು. ಒಳ್ಳೆಯ ದಿನಕ್ಕಾಗಿ ಕಾಯುವ ಸ್ವಾತಂತ್ರ್ಯ ಸಾಮಾನ್ಯ ವಾರಸುದಾರನಿಗೆ ಇರಲಿಲ್ಲ.

ಇದರ ಪರಿಣಾಮವನ್ನು ನೋಡಿ. 1966ರ ಜೂನ್ 5ರಂದು 13,333 ರೂಪಾಯಿಯಾಗಿದ್ದ ಸಾವಿರ ಪೌಂಡು, ಮರುದಿನದ ಅಪಮೌಲ್ಯದಿಂದ 21,000 ರೂಪಾಯಿಯಾಯಿತು. ಆ ಹಣವನ್ನು ಮೇ ತಿಂಗಳಲ್ಲೇ ಬದಲಾಯಿಸಿಕೊಂಡವರಿಗೆ 7,667 ರೂಪಾಯಿ ತಪ್ಪಿಹೋಯಿತು. ಹಾಗಾದರೆ ಕಾಯುವುದೇ ಜಾಣತನವೆ? 1967ರ ನವೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು ಇಳಿಸಿತು, ಭಾರತ ಅದನ್ನು ಅನುಸರಿಸಲಿಲ್ಲ. ಸಾವಿರ ಪೌಂಡು 18,000ಕ್ಕೆ ಕುಸಿಯಿತು. ಉಯಿಲು ನ್ಯಾಯಾಲಯದಲ್ಲಿ ಊರ್ಜಿತವಾಗುವುದಕ್ಕೆ ಕಾದು ಕುಳಿತಿದ್ದವರು, ತಮ್ಮ ತಪ್ಪೇನೂ ಇಲ್ಲದೆ, 3,000 ರೂಪಾಯಿ ಕಳೆದುಕೊಂಡರು. ದರದ ಮುಂದಿನ ನಡೆಯನ್ನು ಯಾರೂ ನಿಶ್ಚಯವಾಗಿ ಹೇಳಲಾರರು ಎಂಬುದಕ್ಕೆ ಈ ಎರಡು ವರ್ಷಗಳೇ ಸಾಕ್ಷಿ.

1991ರ ಜುಲೈ 1 ಮತ್ತು 3ರಂದು ರೂಪಾಯಿ ಮತ್ತೆ ಎರಡು ಹಂತಗಳಲ್ಲಿ ಇಳಿಯಿತು. 1992ರ ಮಾರ್ಚಿನಿಂದ ಒಂದು ವರ್ಷ ಎರಡು ದರಗಳು ನಡೆದವು: ಬಂದ ಹಣದ ಶೇಕಡಾ 40 ಭಾಗಕ್ಕೆ ಸರ್ಕಾರದ ದರ, 60 ಭಾಗಕ್ಕೆ ಮಾರುಕಟ್ಟೆಯ ದರ. 1993ರ ಮಾರ್ಚಿನಲ್ಲಿ ಎರಡೂ ಒಂದಾಗಿ, ದರವನ್ನು ಮಾರುಕಟ್ಟೆಗೆ ಬಿಡಲಾಯಿತು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ 2000ದ ಜೂನ್ 1ರಿಂದ ಜಾರಿಗೆ ಬಂದು ಮತ್ತೊಂದು ಬಾಗಿಲನ್ನು ತೆರೆಯಿತು. ಹೊರದೇಶದ ನಿವಾಸಿಯಿಂದ ವಾರಸಾಗಿ ಬಂದ ವಿದೇಶಿ ಹಣವನ್ನು ಭಾರತದಲ್ಲಿರುವ ವಾರಸುದಾರರು ವಿದೇಶಿ ನಾಣ್ಯದ ರೂಪದಲ್ಲೇ ಇಟ್ಟುಕೊಳ್ಳಲು ಅದರ 6(4)ನೆಯ ವಿಧಿ ಅವಕಾಶ ಕೊಡುತ್ತದೆ. ಇದಕ್ಕೆಂದು ಬ್ಯಾಂಕಿನಲ್ಲಿ ನಿವಾಸಿ ವಿದೇಶಿ ಕರೆನ್ಸಿ ಖಾತೆಯನ್ನು ತೆರೆಯಬಹುದು. ಬಂದ ದಿನವೇ ಬದಲಾಯಿಸಬೇಕೆಂಬ ಒತ್ತಾಯ ಹೋಯಿತು.

ಹಾಗಾದರೆ ಇಂದಿನ ನಷ್ಟ ಎಲ್ಲಿ? ಹಳೆಯ ನಷ್ಟ ಸರ್ಕಾರದ ಪ್ರಕಟಣೆಯಲ್ಲಿ ಕಾಣುತ್ತಿತ್ತು. ಇಂದಿನದು ರಸೀದಿಯಲ್ಲಿ ಕಾಣುವುದಿಲ್ಲ. ಮಾರುಕಟ್ಟೆಯ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ದರ ಪೌಂಡಿಗೆ 100 ರೂಪಾಯಿ ಎಂದು ಲೆಕ್ಕಕ್ಕಾಗಿ ಭಾವಿಸಿ. ಬ್ಯಾಂಕು 97ರಂತೆ ಕೊಂಡರೆ ಸಾವಿರ ಪೌಂಡಿಗೆ 3,000 ರೂಪಾಯಿ ಅಲ್ಲೇ ಉಳಿಯಿತು. “ಶುಲ್ಕವಿಲ್ಲ” ಎಂಬ ಜಾಹೀರಾತಿನ ಹಿಂದೆಯೂ ಈ ಅಂತರ ಇರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ “ಶುಲ್ಕ ಎಷ್ಟು?” ಎಂಬುದಲ್ಲ; “ಎಲ್ಲ ಕಳೆದು ನನ್ನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?” ಎಂಬುದು. ಹಣ ರೂಪಾಯಿಯಾಗುವುದು ಅಲ್ಲಿಯ ಬ್ಯಾಂಕಿನಲ್ಲೋ ಇಲ್ಲಿಯ ಬ್ಯಾಂಕಿನಲ್ಲೋ ಎಂದೂ ವಿಚಾರಿಸಬೇಕು. ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆಯ ದರ ಕೇಳಿ ಹೋಲಿಸಬೇಕು. ದೊಡ್ಡ ಮೊತ್ತವಾದರೆ ಕೆಲವು ಕಂತುಗಳಲ್ಲಿ ಬದಲಾಯಿಸಿದರೆ 1966 ಅಥವಾ 1967ರಂಥ ಒಂದೇ ದಿನದ ಏಟು ಇಡೀ ಹಣದ ಮೇಲೆ ಬೀಳುವುದಿಲ್ಲ. ಹೆಚ್ಚು ದರದ ಆಸೆ ತೋರಿಸುವ ಹವಾಲಾ ದಾರಿ ಮಾತ್ರ ಕಾನೂನಿಗೆ ವಿರುದ್ಧ. ಅಲ್ಲಿ ಹಣ ಮುಳುಗಿದರೆ ಕೇಳುವವರಿಲ್ಲ.

1998ರಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕು ಆರಂಭವಾದ ಮೇಲೆ ಹೂಡಿಯ ಹೊಲಗಳು ಬಡಾವಣೆಗಳಾದವು. 2023ರಲ್ಲಿ ಮೆಟ್ರೋ ರೈಲೂ ಬಂತು. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ಇಲ್ಲಿ ಅಪರೂಪವಲ್ಲ. ಒಮ್ಮೆ ಕೆಲವೇ ಕುಟುಂಬಗಳಿಗೆ ಬೇಕಾಗಿದ್ದ ಈ ಲೆಕ್ಕ ಇಂದು ಅನೇಕ ಮನೆಗಳಿಗೆ ಬೇಕಾಗಿದೆ. ಹಿರಿಯರು ದುಡಿದು ಬಿಟ್ಟುಹೋದ ಹಣ ಇದು. ದರದ ಏರಿಳಿತವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬ್ಯಾಂಕಿನ ಅಂತರವನ್ನು ಕೇಳಿ ತಿಳಿಯುವುದು ನಮ್ಮ ಕೈಯಲ್ಲಿದೆ. ಮನೆಯ ಹಿರಿಯರಿಗಾಗಿ ಆ ಲೆಕ್ಕ ಹಾಕಿಕೊಡಲು ಶಾಲೆಯಲ್ಲಿ ಕಲಿತ ಗುಣಾಕಾರ, ವ್ಯವಕಲನಗಳೇ ಸಾಕು.